ಡಾಂಬರು ಬಳಿದ ದೋಣಿ

ನಿವೃತ್ತಿ ಎಂದರೆ ಶಾಲು, ಹಾರ, ಫಲತಾಂಬೂಲ, ಮೈಕು ಹಿಡಿದವರ ನಾಲ್ಕು ಸುಳ್ಳು ಎಂದು ತಿಳಿದಿದ್ದೆ. ನನಗೆ ಸಿಕ್ಕಿದ್ದು ಕೊಪ್ಪಳದ ಕಿವಿ ಡಾಕ್ಟರ ಬೈಗುಳ. "ಆ ತಗಡಿನ ಶೆಡ್ಡಿನ್ಯಾಗ ಇನ್ನ ಕೆಲಸ ಮಾಡಬ್ಯಾಡ್ರಿ" ಎಂದು ಅವರು ಮೊದಲು ಮೆಲ್ಲಗೆ ಹೇಳಿದರಂತೆ. ನನಗೆ ಕೇಳಿಸಲಿಲ್ಲ. ಎರಡನೇ ಸಲ ಕೂಗಿ ಹೇಳಿದರು, ಹೊರಗೆ ಪಾಳಿಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಹೀಗೆ ಮೂವತ್ತಮೂರನೇ ವಯಸ್ಸಿಗೆ, ಮೀಸೆ ಇನ್ನೂ ಕಪ್ಪಗಿರುವಾಗಲೇ ನಾನು ನಿವೃತ್ತನಾದೆ. ಈಗ ಮರಳಿ ಎಂಬ ಊರಿನಲ್ಲಿ ಅಣ್ಣನ ಗೊಬ್ಬರದಂಗಡಿಯಲ್ಲಿ ಕೂತಿರುತ್ತೇನೆ. ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅರ್ಧ ರಜೆಯ ಮೇಲಿದೆ. ಯೂರಿಯಾ ಕೇಳಿದವರಿಗೆ ಡಿಎಪಿ ಕೊಡುತ್ತೇನೆಂದು ಅಣ್ಣನ ದೂರು.

ಗಂಗಾವತಿಯ ನಮ್ಮ ಶೆಡ್ಡಿಗೆ ಹೊಸ ಹುಡುಗರು ಸೇರಿದ್ದಾರೆಂದು ಕೇಳಿದೆ. ದೋಣಿಯ ಮೋಟಾರು ರಿಪೇರಿ ಎಂದರೆ ತಣ್ಣಗೆ ನೀರಿನ ಮೇಲೆ ಗಾಳಿ ತಿನ್ನುವ ಕೆಲಸ ಎಂದು ನಂಬಿ ಬಂದಿದ್ದಾರಂತೆ. ತಮ್ಮಂದಿರೇ, ಆ ಶೆಡ್ಡಿನಲ್ಲಿ ನೀರು ಎಂದರೆ ಒಂದು ಕಬ್ಬಿಣದ ಡ್ರಮ್ಮು. ಮೋಟಾರಿನ ಕಾಲು, ಅಂದರೆ ತುದಿಯಲ್ಲಿ ಫ್ಯಾನಿರುವ ಆ ಉದ್ದನೆಯ ಭಾಗವನ್ನು, ಅದರಲ್ಲಿ ಇಳಿಬಿಟ್ಟು ಚಾಲೂ ಮಾಡಬೇಕು. ತಗಡಿನ ಗೋಡೆ, ತಗಡಿನ ಚಾವಣಿ. ಆ ಸದ್ದು ಹೊರಗೆ ಹೋಗಲು ದಾರಿ ಕಾಣದೆ ನಿಮ್ಮ ಕಿವಿಯಲ್ಲೇ ಮನೆ ಮಾಡುತ್ತದೆ. ಹತ್ತಿ ತುರುಕಿಕೊಂಡರೆ ಸಾಲದು, ಎರಡೂ ಕಿವಿ ಮುಚ್ಚುವ ಬಟ್ಟಲಿನಂಥ ಪಟ್ಟಿ ಹಾಕಿಕೊಳ್ಳಿ. "ಹೆಂಗಸರ ಹಂಗ ಕಾಣ್ತೀಯಲೇ" ಎಂದು ಯಾರಾದರೂ ನಕ್ಕರೆ ನಗಲಿ. ನಾನೂ ಹಾಗೆ ನಕ್ಕವನೇ.

ನಾನು ಕೆಲಸಗಾರನಾಗುವ ಮೊದಲು ಅಣಕಗಾರ. ಯಾರ ದನಿಯಾದರೂ ಒಂದು ಸಲ ಕೇಳಿದರೆ ಸಾಕಿತ್ತು. ನಮ್ಮ ಉಸ್ತಾದ ಬಸಣ್ಣ ನನ್ನನ್ನು ಇಟ್ಟುಕೊಂಡಿದ್ದೇ ಅದಕ್ಕೆ. ಗಿರಾಕಿ ಫೋನಿನಲ್ಲಿ "ಮೋಟಾರ್ ಒಂಥರಾ ಸಪ್ಪಳ ಮಾಡ್ತೈತ್ರಿ" ಎಂದರೆ, ನಾನು ಒಂದೊಂದೇ ಸದ್ದು ಮಾಡಿ ತೋರಿಸುತ್ತಿದ್ದೆ. ಪ್ಲಗ್ಗಿನಲ್ಲಿ ಮಸಿ ಕಟ್ಟಿದ ಸದ್ದು, ಎಣ್ಣೆ ಕಡಿಮೆಯಾದ ಸದ್ದು, ನೀರೆಳೆಯುವ ರಬ್ಬರು ಸುಟ್ಟ ಸದ್ದು. "ಹಾಂ, ಅದಽ ಅದಽ!" ಎಂದು ಅತ್ತಲಿಂದ ಕೂಗುತ್ತಿದ್ದರು. ಬಸಣ್ಣ ತಂಬಾಕು ತುಂಬಿದ ಬಾಯಿಂದ "ಮೂರ್ಖ ಅದಾನ, ಆದ್ರ ಕೆಲಸಕ್ಕ ಬರ್ತಾನ" ಎನ್ನುತ್ತಿದ್ದ. ಆತ ಅತ್ತ ಹೋದೊಡನೆ ನಾನು ಕೆನ್ನೆಯೊಳಗೆ ನಾಲಿಗೆ ಒತ್ತಿಟ್ಟುಕೊಂಡು ಅದನ್ನೇ ಅಂದು ತೋರಿಸುತ್ತಿದ್ದೆ. ಒಮ್ಮೆ ಆತ ಅತ್ತ ಹೋಗಿರಲಿಲ್ಲ, ನನ್ನ ಹಿಂದೆಯೇ ನಿಂತಿದ್ದ. ಆ ವಾರವೆಲ್ಲ ಡ್ರಮ್ಮಿನ ಕೊಳಕು ನೀರು ತುಂಬಿ ಚೆಲ್ಲಿದವನು ನಾನೊಬ್ಬನೇ.

ನಮ್ಮ ಕಸುಬಿನಲ್ಲಿ ಬಹಳಷ್ಟು ಕಷ್ಟ ಬರುವುದು ಗಿರಾಕಿ ಮೊದಲೇ ಮನಸ್ಸಿನಲ್ಲಿ ಮೋಟಾರು ಆರಿಸಿಕೊಂಡು ಬರುವುದರಿಂದ. ನದಿ ದಂಡೆಯ ಒಬ್ಬ ಲಾಡ್ಜಿನ ಮಾಲೀಕ ಹರಿಗೋಲಿಗೇ ಮೋಟಾರು ಕೂರಿಸಿ ಎಂದು ಬಂದಿದ್ದ. "ಸಾಹೇಬ್ರ, ಹರಗೋಲಿಗೆ ಹಿಂದ ಮುಂದ ಅನ್ನೋದಽ ಇಲ್ರಿ. ಮೋಟಾರ್ ಎತ್ತಾಗ ದೂಡಬೇಕು?" ಎಂದು ಬಸಣ್ಣ ಕೇಳಿದ. "ಫಾರಿನ್ನವ್ರು ಖುಷಿ ಆಗ್ತಾರ, ನೀ ಹಚ್ಚು" ಎಂದ ಸಾಹೇಬ. ಹಚ್ಚಿದೆವು. ಬಿದಿರಿನ ಆ ಗುಂಡು ಬುಟ್ಟಿ ನಿಂತಲ್ಲೇ ಬುಗುರಿಯಂತೆ ತಿರುಗಿತು. ಮುಂದಕ್ಕೆ ಮೊಳದಷ್ಟೂ ಹೋಗಲಿಲ್ಲ. ಸಾಹೇಬ ತುಂಗಭದ್ರೆಗೆ ತನ್ನ ಉಪ್ಪಿಟ್ಟನ್ನು ಅರ್ಪಿಸಿದ. ಆ ವಾಂತಿಯ ಸದ್ದನ್ನು ಇವತ್ತಿಗೂ ಚೆನ್ನಾಗಿ ಮಾಡುತ್ತೇನೆ, ಬೇಕಾದವರು ಅಂಗಡಿಗೆ ಬರಬಹುದು.

ನಗುವ ಸಂಗತಿ ಅಷ್ಟೇ. ಈಗ ದುರಗಪ್ಪನ ದೋಣಿಯ ಮಾತಿಗೆ ಬರುತ್ತೇನೆ. ಈ ಕಸುಬು ಏನೆಂದು ನನಗೆ ತಿಳಿದದ್ದು ಆ ದೋಣಿಯಿಂದ.

ದುರಗಪ್ಪ ಡ್ಯಾಮಿನ ಹಿನ್ನೀರಿನ ದಂಡೆಯ ಒಂದು ಹಳ್ಳಿಯವನು. ಅವನ ಮನೆಯವರೆಲ್ಲ ಹರಿಗೋಲಿನಲ್ಲಿ ಮೀನು ಹಿಡಿದವರು. ಇವನು ಮಾತ್ರ ಹಳೇ ಸಾಮಾನಿನ ಹರಾಜಿನಲ್ಲಿ ಒಂದು ಅಲ್ಯೂಮಿನಿಯಂ ದೋಣಿ ಹಿಡಿದ. ನೆರೆ ಬಂದಾಗ ಜನರನ್ನು ಸಾಗಿಸಲೆಂದು ತರಿಸಿ, ನೆರೆ ಬಾರದೆ ಯಾವುದೋ ಕಚೇರಿಯ ಹಿತ್ತಲಲ್ಲಿ ಬಿಸಿಲು ಕಾಯುತ್ತ ಬಿದ್ದಿದ್ದ ದೋಣಿ ಅದು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹೇರಿಕೊಂಡು, ಹೆಂಡತಿ ಹುಲಿಗೆವ್ವನನ್ನೂ ತಮ್ಮ ಯಮನೂರನನ್ನೂ ಕೂರಿಸಿಕೊಂಡು ಶೆಡ್ಡಿನ ಮುಂದೆ ಇಳಿದ. ಟ್ರೇಲರ್ ನಿಲ್ಲುವ ಮೊದಲೇ ಅವನ ದನಿ ಒಳಗೆ ಬಂತು.

"ಏ ಬಸಣ್ಣ! ಹದಿನೈದು ಎಚ್ಪಿ ಹಚ್ಚು! ಹಿಂದ ನೀರು ಎದ್ದು ಗೋಡಿ ಆಗಬೇಕು!"

ಅವನ ಅವಸರಕ್ಕೂ ಕಾರಣವಿತ್ತು. ಗುತ್ತಿಗೆದಾರರ ದೋಣಿಗಳೆಲ್ಲ ದೊಡ್ಡ ಮೋಟಾರಿನವು. ಮೊದಲು ದಂಡೆ ಮುಟ್ಟಿದವನ ಮೀನಿಗೆ ವ್ಯಾಪಾರಿಯ ಐಸು ಸಿಗುತ್ತಿತ್ತು, ಕಡೆಗೆ ಬಂದವನ ಮೀನಿಗೆ ನೊಣ.

ದೋಣಿಯ ತಳ ಕಪ್ಪಗೆ ಹೊಳೆಯುತ್ತಿತ್ತು. ಅಲ್ಲಲ್ಲಿ ಸೋರುತ್ತಿದ್ದುದಕ್ಕೆ ದುರಗಪ್ಪ ಹರಿಗೋಲಿಗೆ ಮಾಡುವಂತೆ ಡಾಂಬರು ಕಾಯಿಸಿ ದಪ್ಪಗೆ ಬಳಿದಿದ್ದ. ಸಡಿಲಾದ ರಿವೆಟ್ಟುಗಳನ್ನು ಕಿತ್ತು, ಗಿಣಿಗೇರಾದ ಗುಜರಿಯಿಂದ ತಂದ ಕಬ್ಬಿಣದ ಬೋಲ್ಟು ಬಿಗಿದಿದ್ದ. ಬಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದು ಬೋಲ್ಟಿನ ಸುತ್ತ ಡಾಂಬರು ಕೆರೆದ. ಒಳಗಿನಿಂದ ಅಕ್ಕಿಹಿಟ್ಟಿನಂಥ ಬಿಳಿ ಪುಡಿ ಉದುರಿತು.

"ಇದು ಏನು ಗೊತ್ತೈತೇನೋ?"

"ಧೂಳ."

"ನಿನ್ನ ದೋಣಿ ಇದು. ಹಿಟ್ಟಾಗೈತಿ."

ಹುಡುಗರೇ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹರಿಗೋಲು ಬಿದಿರಿನದು, ಅದಕ್ಕೆ ಡಾಂಬರೇ ಚರ್ಮ. ಅಲ್ಯೂಮಿನಿಯಮ್ಮಿಗೆ ಹಾಗಲ್ಲ. ಡಾಂಬರಿನ ಕೆಳಗೆ ಸಿಕ್ಕಿಕೊಂಡ ನೀರು ಹೊರಗೆ ಹೋಗುವುದಿಲ್ಲ. ಆ ನೀರಿನಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಮೈಗೆ ಮೈ ತಾಗಿಸಿ ಕೂತರೆ ಅಲ್ಯೂಮಿನಿಯಂ ದಿನದಿನಕ್ಕೂ ಕರಗುತ್ತದೆ. ಮೇಲೆ ಡಾಂಬರು ಮಾತ್ರ ಹೊಸ ಚಪ್ಪಲಿಯಂತೆ ಹೊಳೆಯುತ್ತಿರುತ್ತದೆ. ಸೋರುವುದೂ ನಿಂತಿರುತ್ತದೆ, ಅದಕ್ಕೇ ಜನ ನಂಬುತ್ತಾರೆ.

ಬಸಣ್ಣ ದೋಣಿಯ ಹಿಂಬದಿಗೆ ಹೋದ. ಮೋಟಾರನ್ನು ಕಚ್ಚಿಸುವ ಮರದ ಹಲಗೆ ಅಲ್ಲಿರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಬೆಲ್ಲದಚ್ಚಿಗೆ ಚುಚ್ಚಿದಂತೆ ಒಳಗೆ ಹೋಯಿತು.

"ಡಾಂಬರ ಪೂರಾ ತಗೀಬೇಕು. ಹಲಗಿ ಹೊಸಾದು ಬೇಕು. ಅಷ್ಟಾದ್ ಮ್ಯಾಲ ಐದು ಎಚ್ಪಿ. ಹೆಚ್ಚಂದ್ರ ಎಂಟು. ಹದಿನೈದರ ಭಾರ ಇದು ತಡಿಯಾಂಗಿಲ್ಲ."

"ಐದಾ? ಐದು ಅಂದ್ರ ನಮ್ಮ ಮನ್ಯಾಗಿನ ಮಿಕ್ಸಿ ಆತು ಬಿಡು. ಚಟ್ನಿ ರುಬ್ಬಲೇನು ಡ್ಯಾಮಿನ್ಯಾಗ?"

ಎಲ್ಲರೂ ನಕ್ಕೆವು. ಬೇವಿನ ನೆರಳಿನಲ್ಲಿ ಕೂತಿದ್ದ ಹುಲಿಗೆವ್ವ ಮಾತ್ರ ನಗದೆ ಬಸಣ್ಣನನ್ನು ಕೇಳಿದಳು: "ಅಣ್ಣಾ, ಐದರದ್ದು ಎಷ್ಟು ಸಾವಕಾಶ ಹೊಕ್ಕೈತ್ರಿ?"

"ಸಾವಕಾಶ ಅಂದ್ರ ಸಾವಕಾಶನಽ ತಂಗಿ. ಆದ್ರ ಮನಿ ಮುಟ್ಟಸ್ತೈತಿ."

"ಹಂಗಿದ್ರ ಅದಽ ಸಾಕಲ್ಲ" ಎಂದು ಆಕೆ ಗಂಡನ ಕಡೆ ನೋಡಿದಳು.

"ನಿನಗೇನ್ ತಿಳಿತೈತಿ, ಸುಮ್ಕಿರು" ಎಂದ ದುರಗಪ್ಪ. ಆಕೆ ಸೆರಗು ಸರಿಮಾಡಿಕೊಂಡು ಸುಮ್ಮನಾದಳು.

ಬಸಣ್ಣ ಹದಿನೈದು ಕೂರಿಸಲು ಒಪ್ಪಲಿಲ್ಲ. ದುರಗಪ್ಪ ದೋಣಿಯನ್ನು ಬೇರೆ ಕಡೆಗೆ ಒಯ್ದ, ಯಾರೋ ಆ ಕೊಳೆತ ಹಲಗೆಯ ಮೇಲೇ ತಗಡು ಹೊದಿಸಿ ಹದಿನೈದು ಬಿಗಿದುಕೊಟ್ಟರು. ಸ್ವಲ್ಪ ದಿನಕ್ಕೆ ಅವನೇ ಶೆಡ್ಡಿಗೆ ಬಂದು ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ದೋಣಿಯ ಮೂತಿ ಹೋರಿಯಂತೆ ಮೇಲೆದ್ದಿತ್ತು, ಹಿಂದೆ ನೀರಿನ ಗೋಡೆ ನಿಂತಿತ್ತು.

"ಮೂತಿ ಮ್ಯಾಲ ಎದ್ದೈತಿ ಅಂದ್ರ ಹಿಂದ ಎಷ್ಟು ಮುಳುಗೈತಿ ನೋಡಿ ಏನು?" ಎಂದ ಬಸಣ್ಣ.

"ಹಿಂದ ನೋಡ್ಕೋತ ಕುಂತ್ರ ಐಸ್ ಸಿಗಂಗಿಲ್ಲೋ ಬಸಣ್ಣ!"

ಅವತ್ತು ಚಹಾದಂಗಡಿಯಲ್ಲಿ ಹತ್ತಾರು ಜನರ ಮುಂದೆ ನಾನು ದುರಗಪ್ಪನಾದೆ. ಎದೆ ಉಬ್ಬಿಸಿ, ಕಣ್ಣು ಸಣ್ಣಗೆ ಮಾಡಿ, "ಹದಿನೈದು ಎಚ್ಪಿ ಹಚ್ಚು!" ಎಂದು ಕೂಗಿದೆ. ದುರಗಪ್ಪ ಹೊಟ್ಟೆ ಹಿಡಿದು ನಕ್ಕ. "ಲೇ ಇವ ನನಗಿಂತ ಛಲೋ ದುರಗಪ್ಪ ಅದಾನ" ಎಂದು ಎಲ್ಲರಿಗೂ ಚಹಾ ಹೇಳಿದ.

ಆಷಾಢದ ಗಾಳಿಯಲ್ಲಿ ಅವನು ಹೋದ.

ಅದನ್ನು ನಮಗೆ ಹೇಳಿದವನು ಯಮನೂರ. ಮಧ್ಯಾಹ್ನ ಬಲೆ ಎತ್ತಲು ಅಣ್ಣ ತಮ್ಮ ಇಬ್ಬರೂ ಹೋಗಿದ್ದರು. ಬಲೆ ಎತ್ತಿ ಮುಗಿಯುವ ಮೊದಲೇ ತೆರೆ ಎದ್ದಿತು. ದಂಡೆ ಮುಟ್ಟೋಣವೆಂದು ದುರಗಪ್ಪ ಮೋಟಾರಿಗೆ ಪೂರ್ತಿ ಜೋರು ಕೊಟ್ಟ. ಹಲಗೆ ಸಿಡಿದು ಮೋಟಾರು ನೀರಿಗೆ ಬಿತ್ತು. ಕಳುವಾಗದಿರಲೆಂದು ಮೋಟಾರಿಗೂ ದೋಣಿಗೂ ಸರಪಳಿ ಹಾಕಿದ್ದರು. ಮುಳುಗುವ ಮೋಟಾರು ಆ ಸರಪಳಿಯಿಂದ ದೋಣಿಯ ಹಿಂಬದಿಯನ್ನೂ ಜಗ್ಗಿತು. ತಳದ ಡಾಂಬರು ಅದೇ ಹೊತ್ತಿಗೆ ಬಾಯಿಬಿಟ್ಟಿತು. ಯಮನೂರ ಪೆಟ್ರೋಲಿನ ಖಾಲಿ ಡಬ್ಬಿ ಅಪ್ಪಿಕೊಂಡು ತೇಲಿದ. ದುರಗಪ್ಪ ಈಜುವುದರಲ್ಲಿ ತಮ್ಮನಿಗಿಂತ ಗಟ್ಟಿಗ. ಆದರೆ ಕಾಲಿಗೆ ಅವನದೇ ಬಲೆ ಸುತ್ತಿಕೊಂಡಿತ್ತು.

ನಾನೂ ಬಸಣ್ಣನೂ ಹೋದಾಗ ಹೆಣ ಸಿಕ್ಕಿತ್ತು. ಹುಡುಕಲು ಇಳಿದವರು ಅವನನ್ನು ಬಿಡಿಸಿ ತಂದು, ದೋಣಿಯನ್ನೂ ಎಳೆದು ಹಾಕಿದ್ದರು. ದಂಡೆಯ ಮೇಲೆ ಬೋರಲಾಗಿ ಬಿದ್ದಿದ್ದ ದೋಣಿಯಿಂದ ಡಾಂಬರು ಹಪ್ಪಳದಂತೆ ಎದ್ದು ಬಂದಿತ್ತು. ಅದರ ಕೆಳಗೆ ಜರಡಿ. ಊರಿನವರು ಯಾರೂ ಅದನ್ನು ನೋಡಲಿಲ್ಲ. "ಮೋಟಾರ್ ತಿಂತು" ಎಂದರು ಕೆಲವರು, "ಆ ದೋಣಿನಽ ಸರಿ ಇಲ್ಲ" ಎಂದರು ಕೆಲವರು. ಬಸಣ್ಣ ಎಲ್ಲರ ಜೊತೆ ಮಣ್ಣು ಕೊಟ್ಟ. ವಾಪಸು ಬರುವಾಗ ಬೈಕಿನ ಹಿಂದೆ ಕೂತು ಒಂದೇ ಮಾತು ಹೇಳಿದ: "ಲೇ, ಎಲ್ಲರ ದನಿ ತಗಿತಿ. ನನ್ನ ಮಾತು ಒಬ್ಬರಾದ್ರೂ ಕೇಳೋ ಹಂಗ ಹೇಳೋದು ಕಲಿಸಲೇ."

ಬೇಸಿಗೆಯ ಕೊನೆಗೆ ಅದೇ ದೋಣಿ ಟ್ರೇಲರ್ ಮೇಲೆ ಮತ್ತೆ ಬಂತು. ಈ ಸಲ ಹುಲಿಗೆವ್ವ ಒಬ್ಬಳೇ ಇದ್ದಳು. ಅವಳ ಅತ್ತೆ ಅದನ್ನು ಗುಜರಿಗೆ ಹಾಕಲು ಹಟ ಹಿಡಿದಿದ್ದಳು, ಗುಜರಿಯವನೂ ಬಾಗಿಲಿಗೆ ಬಂದು ಹೋಗಿದ್ದ. ಆದರೆ ಅವರೂರಿನಲ್ಲಿ ಒಂದು ಕಟ್ಟಳೆ ಇತ್ತು. ಹಿನ್ನೀರಿನಲ್ಲಿ ಬಲೆ ಬಿಡುವ ಜಾಗಕ್ಕೆ ಮನೆಗೊಂದು ಪಾಳಿ. ಹೊಸ ನೀರು ತುಂಬುವ ಹೊತ್ತಿಗೆ ಯಾರ ಮನೆಯ ದೋಣಿ ನೀರಿಗೆ ಇಳಿಯುವುದಿಲ್ಲವೋ ಅವರ ಪಾಳಿ ಬೇರೆಯವರಿಗೆ ಹೋಗುತ್ತದೆ. ಯಮನೂರ ನೀರಿಗೆ ಇಳಿಯುವುದಿಲ್ಲವೆಂದು ಫ್ಯಾಕ್ಟರಿ ಕೆಲಸಕ್ಕೆ ಸೇರಿಬಿಟ್ಟಿದ್ದ.

"ತಂಗೀ, ಇದನ್ನ ಗುಜರಿಗೆ ಹಾಕವ್ವ. ನಾ ಮುಟ್ಟಂಗಿಲ್ಲ" ಎಂದ ಬಸಣ್ಣ.

"ಹರಗೋಲ ತಗೊಂಡ್ರ ನಾ ಒಬ್ಬಾಕಿ ಗಾಳ್ಯಾಗ ಹುಟ್ಟ ಹಾಕಲಾರೆ. ಇದು ಹೋತಂದ್ರ ಪಾಳಿ ಹೋತು. ಆಮ್ಯಾಲ ಏನು, ಮಂದಿ ಗದ್ದ್ಯಾಗ ನಾಟಿ ಹಚ್ಚಾಕ ಹೋಗ್ಲಿ?"

"ಮನಿ ಮಂದಿ ಏನಂತಾರ?"

"ಅತ್ತಿ ಮಾತಾಡಂಗಿಲ್ಲ. ನೀವು ಬೈಯಂಗಿಲ್ಲ ಅಂದ್ರ ಇಲ್ಲೇ ಕುಂತು ಡಾಂಬರ ನಾನಽ ಕೆರೀತೀನಿ."

ಕೆರೆದಳು. ಸೀಮೆಎಣ್ಣೆ ಹಚ್ಚಿ, ಚೂಪಾದ ಮರದ ತುಂಡಿನಿಂದ ಕೆರೆದಳು. ಕಬ್ಬಿಣದ ಬ್ರಷ್ಷು ಮುಟ್ಟಬಾರದು, ಅದರ ಎಳೆ ಮುರಿದು ಮೈಯಲ್ಲಿ ಉಳಿದರೆ ಮತ್ತೆ ಅಲ್ಲೇ ತಿನ್ನುತ್ತದೆ. ಆಮೇಲೆ ದೋಣಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಏರಿಸಿ, ಒಳಗೆ ನೀರು ತುಂಬಿದೆವು. ನೀರಿನ ಮೇಲೆ ದೋಣಿ ಇಟ್ಟರೆ ತೂತು ಕಾಣುವುದಿಲ್ಲ, ದೋಣಿಯೊಳಗೆ ನೀರಿಟ್ಟರೆ ಹನಿ ತಾನೇ ತೋರಿಸುತ್ತದೆ. ನಾನು ಕೆಳಗೆ ಮಲಗಿ, ಹನಿ ಬಿದ್ದಲ್ಲೆಲ್ಲ ಸೀಮೆಸುಣ್ಣದಿಂದ ಸೊನ್ನೆ ಹಾಕಿದೆ. ಮುಗಿಯುವ ಹೊತ್ತಿಗೆ ದೋಣಿ ಸಿಡುಬು ಎದ್ದ ಕೂಸಿನ ಹಾಗಿತ್ತು, ನಾನು ಚರಂಡಿಯಲ್ಲಿ ಬಿದ್ದ ಬೆಕ್ಕಿನ ಹಾಗಿದ್ದೆ. ಹಿಟ್ಟಾದ ಜಾಗವನ್ನು ಕತ್ತರಿಸಿ ತೆಗೆದು, ಅಲ್ಯೂಮಿನಿಯಂ ತೇಪೆಯನ್ನು ಅಲ್ಯೂಮಿನಿಯಂ ರಿವೆಟ್ಟಿನಿಂದಲೇ ಹಾಕಿದೆವು. ಒಬ್ಬ ಹೊರಗಿನಿಂದ ಸುತ್ತಿಗೆ ಹೊಡೆಯುವಾಗ ಇನ್ನೊಬ್ಬ ಒಳಗಿನಿಂದ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಹಿಡಿದವಳು ಹುಲಿಗೆವ್ವ. ಒಂದು ಏಟಿಗೂ ಆಕೆಯ ಕೈ ಅಲುಗಲಿಲ್ಲ. ನನ್ನ ಹೆಬ್ಬೆರಳಿಗೆ ನಾನೇ ಎಷ್ಟು ಸಲ ಹೊಡೆದುಕೊಂಡೆನೆಂದು ಹೇಳುವುದಿಲ್ಲ.

ಒಂದು ಮಧ್ಯಾಹ್ನ ಬಸಣ್ಣ ಊಟಕ್ಕೆ ಹೋಗಿದ್ದ. ಆಕೆ ತೇಪೆಯ ಅಂಚು ಉಜ್ಜುತ್ತಿದ್ದವಳು ತಲೆ ಎತ್ತದೆ ಕೇಳಿದಳು.

"ನೀ ಅವರ ದನಿ ತಗಿತಿದ್ದಿ ಅಂತ, ಹೌದಾ?"

"ಹುಡಗಾಟಕ್ಕ ಅಕ್ಕ."

"ತಗಿ ಒಮ್ಮೆ."

"ಬ್ಯಾಡ ಅಕ್ಕ."

"ಚಾದಂಗಡ್ಯಾಗ ಮಂದಿ ಮುಂದ ತಗದಿ. ನಾ ಒಬ್ಬಾಕಿ ಕೇಳಿದ್ರ ಬ್ಯಾಡ ಏನು?"

ತೆಗೆದೆ. ಎದೆ ಉಬ್ಬಿಸಲಿಲ್ಲ, ಕಣ್ಣು ಸಣ್ಣಗೆ ಮಾಡಲಿಲ್ಲ, ದನಿ ಮಾತ್ರ. "ಹದಿನೈದು ಎಚ್ಪಿ ಹಚ್ಚು. ಹಿಂದ ನೀರು ಎದ್ದು ಗೋಡಿ ಆಗಬೇಕು." ಆಕೆ ಅಳುತ್ತಾಳೆಂದು ತಿಳಿದಿದ್ದೆ. ಆಕೆ ಕೈಯಲ್ಲಿದ್ದ ಉಜ್ಜುಕಾಗದ ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿದಳು.

"ಐದಽ ಸಾಕು ಅಂದಿದ್ದೆ ನಾ."

ನಾನು ರಿವೆಟ್ಟಿನ ಡಬ್ಬಿಗೆ ಕೈ ಹಾಕಿದೆ.

"ಮಾತಾಡು. ಅವರು ಸುಮ್ಕಿರೋರಲ್ಲ."

"ನಿನಗೇನ್ ತಿಳಿತೈತಿ, ಸುಮ್ಕಿರು" ಎಂದೆ, ಅದೇ ದನಿಯಲ್ಲಿ.

"ಸುಮ್ಕಽ ಇದ್ದೆ. ಗುದ್ದಾಡಬೇಕಿತ್ತು, ಟ್ರೇಲರ್ ಮುಂದ ಮಲಗಬೇಕಿತ್ತು. ಮಂದ್ಯಾಗ ಗಂಡನ ಮರ್ಯಾದಿ ಅಂತ ಸುಮ್ಕಿದ್ದೆ. ಸಾಕು. ಇನ್ನ ನೀ ಸುಮ್ಕಿರು." ಆಕೆಯ ದನಿ ಏರಲಿಲ್ಲ. ಕಾಗದವನ್ನು ಮತ್ತೆ ಎತ್ತಿಕೊಂಡಳು. "ಇನ್ನ ಮ್ಯಾಲ ತಗೀಬ್ಯಾಡಪ್ಪ ಆ ದನಿ."

ತೆಗೆದಿಲ್ಲ.

ಮೋಟಾರು ಆರಿಸುವ ದಿನ ಬಸಣ್ಣ ಮಾಡಿದ್ದನ್ನು ನೀವೂ ಮಾಡಿ. ಹಳೆಯ ಎಂಟರದ್ದನ್ನೂ ಐದರದ್ದನ್ನೂ ಆಕೆಯ ಮುಂದೆ ಇಟ್ಟ. ಎರಡೂ ಗಿಡ್ಡ ಕಾಲಿನವು. ಉದ್ದ ಕಾಲಿನದು ಆ ದೋಣಿಗೆ ಆಗುವುದಿಲ್ಲ, ನೀರು ಇಳಿದಾಗ ಮುಳುಗಿದ ಹಳ್ಳಿಗಳ ಗೋಡೆ, ಮರದ ಬೊಡ್ಡೆಗೆ ಬಡಿಯುತ್ತದೆ. "ಎತ್ತು" ಎಂದ. ಎಂಟರದ್ದನ್ನು ಎತ್ತಿ ಆಕೆ ತಡವರಿಸಿದಳು. ಐದರದ್ದನ್ನು ಹೆಗಲಿಗೆ ಇಟ್ಟುಕೊಂಡು ರಸ್ತೆಯವರೆಗೆ ಹೋಗಿ ಬಂದಳು. "ನೀ ಒಬ್ಬಾಕಿನಽ ಬಿಚ್ಚಿ ಮನಿಗೆ ಒಯ್ಯುವಂಗ ಇರಬೇಕು. ಆಗ ಸರಪಳಿ ಬೇಕಾಗಂಗಿಲ್ಲ" ಎಂದ ಬಸಣ್ಣ. ಹೊಸ ಹಲಗೆಗೆ ತುಕ್ಕು ಹಿಡಿಯದ ಸ್ಟೀಲ್ ಬೋಲ್ಟು, ಪ್ರತಿ ಬೋಲ್ಟಿನ ಅಡಿಗೆ ರಬ್ಬರು ಹಾಕಿ ಬಿಗಿದೆವು.

ಹೊಸ ನೀರು ಬಂತು. ದೋಣಿ ಇಳಿಸುವ ದಿನ ಊರಿನವರು ದೂರ ನಿಂತು ನೋಡಿದರು, ಹತ್ತಲು ಒಬ್ಬರೂ ಬರಲಿಲ್ಲ. ಹುಲಿಗೆವ್ವನ ಅತ್ತೆ ದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ರಿಪೇರಿ ಮಾಡಿದವರು ಹತ್ತಲೇಬೇಕಲ್ಲ. ಬಸಣ್ಣ ಹತ್ತಿದ, ನಾನೂ ಹತ್ತಿದೆ. ಇಷ್ಟು ವರ್ಷ ದೋಣಿಯ ಕೆಲಸ ಮಾಡಿದ ನನಗೆ ಈಜಲು ಬರುವುದಿಲ್ಲ. ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ಟು ಕಟ್ಟಿಕೊಂಡು ಮೂಟೆಯಂತೆ ಕೂತೆ. ಹುಲಿಗೆವ್ವ ದಾರ ಎಳೆದಳು. ಮೋಟಾರು ಚಾಲೂ ಆಯಿತು. ನನ್ನ ಒಳ್ಳೆಯ ಕಿವಿಗೆ ಅದರಲ್ಲಿ ಯಾವ ತಪ್ಪೂ ಕೇಳಲಿಲ್ಲ. ನಾನು ತಳವನ್ನೇ ನೋಡುತ್ತಿದ್ದೆ. ಒಣಗಿತ್ತು.

ಆಕೆ ಒಂದು ಸುತ್ತು ಹಾಕಿ ವಾಪಸು ಬರುತ್ತಾಳೆಂದುಕೊಂಡಿದ್ದೆವು. ನೇರ ನಡುನೀರಿಗೆ ತಿರುಗಿಸಿದಳು. ಒಂದು ಕಡೆ ಮುಳುಗಿದ ಮರಗಳ ತುದಿಗಳು ಕಂಡವು. ಅವುಗಳ ನಡುವೆ ಬಣ್ಣ ಮಾಸಿದ ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿದ್ದವು. ಬಲೆಗೆ ಕಟ್ಟುವ ಬಾಟಲಿಗಳು. ಹೆಣ ತಂದ ಮೇಲೆ ಅತ್ತ ಯಾರೂ ಸುಳಿದಿರಲಿಲ್ಲ.

ಮೋಟಾರು ನಿಲ್ಲಿಸಿ, ಕಾಲನ್ನು ಮೇಲೆತ್ತಿ, ಆಕೆ ಬಲೆಯನ್ನು ಹಿಡಿದು ಎಳೆಯತೊಡಗಿದಳು. ಕೆಳಗೆ ಬೊಡ್ಡೆಗೆ ಸಿಕ್ಕಿತ್ತು. ಬಸಣ್ಣ ಚಾಕು ತೆಗೆದ.

"ಕೊಯ್ಯಬ್ಯಾಡ್ರಿ" ಎಂದಳು.

ಮೂವರೂ ಸೇರಿ ಎಳೆದೆವು. ಪಾಚಿ ಬಂತು, ಮೀನಿನ ಮುಳ್ಳು ಬಂತು, ಕೊಳೆತದ್ದು ಬಂತು, ಆಮೇಲೆ ಒದ್ದಾಡುವ ಒಂದು ಮೀನೂ ಬಂತು. ಇಷ್ಟು ತಿಂಗಳೂ ಆ ಬಲೆ ಯಾರಿಗೂ ಅಲ್ಲದೆ ಮೀನು ಹಿಡಿಯುತ್ತಲೇ ಇತ್ತು. ಕಡೆಗೆ ದೊಡ್ಡದೊಂದು ತೂತು ಬಂತು. ಹರಿದ ತೂತಲ್ಲ, ಚಾಕುವಿನಿಂದ ಕೊಯ್ದದ್ದು. ಹುಡುಕಲು ಇಳಿದವರು ಕಾಲು ಬಿಡಿಸಲು ಕೊಯ್ದಿದ್ದರು. ಆಕೆ ಅದರ ಅಂಚಿನ ಸುತ್ತ ಬೆರಳಾಡಿಸಿದಳು.

"ಉಳದಿದ್ದೆಲ್ಲ ಗಟ್ಟಿ ಐತಿ" ಎಂದು ಸೊಂಟದಿಂದ ಬಲೆ ಹೆಣೆಯುವ ಸೂಜಿ ತೆಗೆದಳು.

"ದಂಡಿಗೆ ಹೋಗಿ ಹೆಣಿಯವ್ವ. ಗಾಳಿ ಏಳಾಕತ್ತೈತಿ" ಎಂದ ಬಸಣ್ಣ.

"ದಂಡ್ಯಾಗ ಅತ್ತಿ ಕುಂತಾಳ. ಈ ತೂತ ಆಕಿ ನೋಡಬಾರದು."

ಬಸಣ್ಣ ಹುಟ್ಟು ತೆಗೆದುಕೊಂಡು ದೋಣಿ ಗಾಳಿಗೆ ತಿರುಗದಂತೆ ಹಿಡಿದ. ನಾನು ಬಲೆಯ ಒಂದು ಅಂಚನ್ನು ಬಿಗಿಯಾಗಿ ಎಳೆದು ಹಿಡಿದೆ. ಆಕೆ ಒಂದೊಂದೇ ಕಣ್ಣು ಹೆಣೆಯುತ್ತ ಹೋದಳು, ಕೊಯ್ದದ್ದು ಎಲ್ಲಿತ್ತೆಂದು ದುರಗಪ್ಪನ ತಾಯಿಯ ಕಣ್ಣಿಗೂ ಕಾಣದಷ್ಟು ಸಣ್ಣಗೆ.